ಪೈಲ್ಸ್ ಅಂತ ಬಿಟ್ಟ ರಕ್ತ, ಕೊಯ್ಲು ಮುಗೀಲಿ ಅಂತ ಮುಂದೂಡಿದ ಪರೀಕ್ಷೆ

ಮಲದಲ್ಲಿ ರಕ್ತ ಕಂಡಿತು ಅಂದರೆ ನಮ್ಮ ಕೊಡಗಿನಲ್ಲಿ ಕಾರಣ ಹುಡುಕುವ ಕಷ್ಟವೇ ಇಲ್ಲ. ಉಷ್ಣ ಆಗಿದೆ. ಖಾರ ಜಾಸ್ತಿಯಾಗಿದೆ. ಜೀಪಿನಲ್ಲಿ ಕೂತು ಕೂತು ಪೈಲ್ಸ್ ಬಂದಿದೆ. ಎರಡು ದಿನ ಮಜ್ಜಿಗೆ ಕುಡಿ, ಮೆಂತ್ಯ ನೆನೆಸಿ ನುಂಗು, ಸರಿಹೋಗುತ್ತೆ. ಹೇಳುವವರು ಅಕ್ಕರೆಯಿಂದಲೇ ಹೇಳುತ್ತಾರೆ. ಬಹಳ ಸಲ ಅವರು ಹೇಳಿದ್ದು ನಿಜವೂ ಆಗಿರುತ್ತದೆ, ಯಾಕಂದರೆ ಹೀಗೆ ರಕ್ತ ಬರುವವರಲ್ಲಿ ಹೆಚ್ಚಿನವರಿಗೆ ಇರುವುದು ಪೈಲ್ಸೋ, ಗುದದ್ವಾರದ ಚರ್ಮ ಬಿರಿಯುವ ಫಿಶರೋ ಅಷ್ಟೇ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಶುರುವಿನಲ್ಲಿ ಹೀಗೇ ಇರಬಹುದು. ಒಂದಿಷ್ಟು ರಕ್ತ ಬರುತ್ತದೆ, ನಿಲ್ಲುತ್ತದೆ, ತಿಂಗಳು ಬಿಟ್ಟು ಮತ್ತೆ ಬರುತ್ತದೆ. ರಕ್ತ ನಿಂತಾಗ ಮಜ್ಜಿಗೆಗೆ ಹೆಸರು ಬರುತ್ತದೆ. ಒಳಗಿನ ಗಂಟು ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ಈ ಕಾಯಿಲೆಯನ್ನು ಬೇಗ ಹಿಡಿಯಲು ಬೇಕಾದಷ್ಟು ಸಮಯ ಸಿಗುತ್ತದೆ. ಹಿಡಿಯುವ ಪರೀಕ್ಷೆಗಳೂ ಇವೆ. ಆದರೆ ನಮ್ಮ ದೇಶದಲ್ಲಿ ಆ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಯಾರೂ ಮನೆಗೆ ಬಂದು ಹೇಳುವುದಿಲ್ಲ. ನಾವೇ ಬಾಯಿಬಿಟ್ಟು ಕೇಳಬೇಕು. ಯಾರು, ಯಾವಾಗ, ಏನು ಅಂತ ಕೇಳಬೇಕು ಅನ್ನುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಸಮಯ ಸಿಗುತ್ತದೆ ಅಂದೆ, ಅದು ಹೇಗೆ ನೋಡಿ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಪಾಲಿಪ್ ಅನ್ನುತ್ತಾರೆ. ಹೆಚ್ಚಿನವು ಜೀವನಪೂರ್ತಿ ಏನೂ ತೊಂದರೆ ಕೊಡುವುದಿಲ್ಲ. ಕೆಲವು ಮಾತ್ರ ನಿಧಾನವಾಗಿ ಬೆಳೆದು ಕ್ಯಾನ್ಸರ್ ಆಗುತ್ತವೆ, ಅದಕ್ಕೆ ಸಾಮಾನ್ಯವಾಗಿ 10 ವರ್ಷದ ಹತ್ತಿರ ಹಿಡಿಯುತ್ತದೆ. ಅರೇಬಿಕಾ ಕಾಫಿ ಬೆಳೆಯುವವರಿಗೆ ಬಿಳಿ ಕಾಂಡಕೊರಕ ಹುಳುವಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ, ಎಲೆ ಹಳದಿಯಾಗುವವರೆಗೆ ಕಾದರೆ ಗಿಡ ಹೋಯಿತು ಅಂತಲೇ ಲೆಕ್ಕ, ಅದಕ್ಕೇ ಗಿಡ ಇನ್ನೂ ಹಸಿರಾಗಿರುವಾಗಲೇ ಕಾಂಡದ ಮೇಲೆ ಉಬ್ಬು ಎದ್ದಿದೆಯಾ ಅಂತ ಸಾಲು ಹಿಡಿದು ನೋಡಿಸುತ್ತೇವೆ ಅಲ್ವಾ. ಸ್ಕ್ರೀನಿಂಗ್ ಅಂದರೂ ಅದೇ. ಯಾವ ತೊಂದರೆಯೂ ಇಲ್ಲದವರನ್ನು ಹುಡುಕಿ ನೋಡುವುದು. ಪಾಲಿಪ್ ಆಗಿರುವಾಗಲೇ ಸಿಕ್ಕಿದರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ, ಅದು ಕ್ಯಾನ್ಸರ್ ಆಗುವ ಮಾತೇ ಬರುವುದಿಲ್ಲ. ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಸ್ಕ್ರೀನಿಂಗ್ ಅಂದರೆ ಬಂದದ್ದನ್ನು ಬೇಗ ಕಂಡುಹಿಡಿಯುವುದು ಮಾತ್ರ. ಇಲ್ಲಿ ಬರದಂತೆ ತಡೆಯಲೂ ಆಗುತ್ತದೆ.

ಬಂದ ಮೇಲೂ ಬೇಗ ಸಿಕ್ಕುವುದಕ್ಕೂ ತಡವಾಗಿ ಸಿಕ್ಕುವುದಕ್ಕೂ ಇರುವ ಅಂತರ ಭಾರೀ ದೊಡ್ಡದು. ಒಳಗೋಡೆಯಲ್ಲೇ ಇರುವ ಮೊದಲ ಹಂತದಲ್ಲಿ ಚಿಕಿತ್ಸೆ ಆದರೆ 100 ಜನರಲ್ಲಿ 90ಕ್ಕಿಂತ ಹೆಚ್ಚು ಜನ ಐದು ವರ್ಷದ ಆಚೆಗೂ ಬದುಕಿರುತ್ತಾರೆ. ಲಿವರ್‌ಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಬಂದರೆ ಆ ಸಂಖ್ಯೆ 10-15ಕ್ಕೆ ಇಳಿಯುತ್ತದೆ.

ಜಗತ್ತಿನಲ್ಲಿ 2022ರಲ್ಲಿ ಸುಮಾರು 19 ಲಕ್ಷ ಜನರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂತು, ಸುಮಾರು 9 ಲಕ್ಷ ಜನ ಸತ್ತರು. ಭಾರತದಲ್ಲಿ ಹೊಸ ರೋಗಿಗಳು ವರ್ಷಕ್ಕೆ 70 ಸಾವಿರದ ಆಸುಪಾಸು. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಇದು ಕಡಿಮೆಯೇ, ಯುರೋಪ್ ಅಮೆರಿಕದಷ್ಟು ಇಲ್ಲಿ ಇಲ್ಲ. ಆದರೆ ನಮ್ಮ ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳ ದಾಖಲೆಗಳಲ್ಲಿ ಎರಡು ವಿಷಯ ಮತ್ತೆ ಮತ್ತೆ ಕಾಣಿಸುತ್ತವೆ. ಅಲ್ಲಿನವರಿಗಿಂತ ನಮ್ಮ ರೋಗಿಗಳ ವಯಸ್ಸು ಕಡಿಮೆ, ನಲವತ್ತು ಐವತ್ತರ ಒಳಗಿನವರೇ ಬಹಳ. ಮತ್ತೆ ನಮ್ಮಲ್ಲಿ ಗುದನಾಳದ ಕ್ಯಾನ್ಸರ್, ಅಂದರೆ ಕರುಳಿನ ಕೊನೆಯ ಗೇಣುದ್ದದಲ್ಲಿ ಆಗುವಂಥದ್ದು, ಜಾಸ್ತಿ. ಇನ್ನೂ ಚಿಕ್ಕ ವಯಸ್ಸು, ನಿನಗೇನು ಕ್ಯಾನ್ಸರ್ ಅನ್ನುವ ಸಮಾಧಾನಕ್ಕೆ ಅರ್ಥವಿಲ್ಲ. ಹಾಲಿವುಡ್ ನಟ ಚಾಡ್ವಿಕ್ ಬೋಸ್ಮನ್ 2020ರಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡಾಗ ಅವನಿಗೆ 43 ವರ್ಷ.

ಈಗ ಲಕ್ಷಣಗಳಿಗೆ ಬರೋಣ. ರಕ್ತದ ವಿಷಯ ಮೊದಲು. ಪೈಲ್ಸ್‌ನ ರಕ್ತ ಸಾಮಾನ್ಯವಾಗಿ ಕೆಂಪಗೆ, ಕೊನೆಯಲ್ಲಿ ತೊಟ್ಟಿಕ್ಕುವ ಹಾಗೆ ಬರುತ್ತದೆ. ಕ್ಯಾನ್ಸರಿನದ್ದು ಸ್ವಲ್ಪ ಕಪ್ಪಾಗಿ, ಮಲದ ಜೊತೆ ಬೆರೆತು, ಕೆಲವು ಸಲ ಲೋಳೆಯ ಜೊತೆ ಬರುತ್ತದೆ. ಆದರೆ ಬಣ್ಣ ನೋಡಿ ಮನೆಯಲ್ಲೇ ತೀರ್ಮಾನಕ್ಕೆ ಬರಬೇಡಿ. ಗುದನಾಳದ ಗಂಟಿನಿಂದಲೂ ಕೆಂಪು ರಕ್ತವೇ ಬರಬಹುದು. ಇನ್ನೊಂದು ವಿಷಯ, ಪೈಲ್ಸ್ ಇರುವವರಿಗೆ ಕ್ಯಾನ್ಸರ್ ಬರಬಾರದು ಅಂತೇನೂ ಇಲ್ಲ. ಎರಡೂ ಒಟ್ಟಿಗೆ ಇರಬಹುದು. ಪೈಲ್ಸ್ ಇದೆ ಅಂತ ಹತ್ತು ವರ್ಷದ ಹಿಂದೆ ಯಾರೋ ಹೇಳಿದ ಮಾತು ಇವತ್ತಿನ ರಕ್ತಕ್ಕೆ ಉತ್ತರ ಆಗುವುದಿಲ್ಲ.

ಎರಡನೆಯದು ಅಭ್ಯಾಸ ಬದಲಾಗುವುದು. ಬೆಳಗ್ಗೆ ಬೆಲ್ಲದ ಕಾಫಿ ಕುಡಿದ ಕೂಡಲೇ ಹೊಟ್ಟೆ ಖಾಲಿಯಾಗುವವರಿಗೆ ಅದು ಗಡಿಯಾರ ಇಟ್ಟ ಹಾಗೆ ನಡೆಯುತ್ತಿರುತ್ತದೆ. ಅದು ಕೆಟ್ಟು ಮೂರು ವಾರ ದಾಟಿದರೆ ಗಮನ ಕೊಡಿ. ಒಂದು ವಾರ ಭೇದಿ, ಇನ್ನೊಂದು ವಾರ ಮಲಬದ್ಧತೆ. ಹೋಗಿ ಬಂದ ಮೇಲೂ ಪೂರ್ತಿ ಆಗಲಿಲ್ಲ ಅನ್ನಿಸಿ ಮತ್ತೆ ಮತ್ತೆ ಹೋಗುವುದು. ಮಲ ಮೊದಲಿಗಿಂತ ಸಣ್ಣಗೆ ಬರುವುದು. ಹೊಟ್ಟೆ ಹಿಡಿದುಕೊಳ್ಳುವುದು, ಉಬ್ಬರ. ಇವಕ್ಕೆಲ್ಲ ಗ್ಯಾಸ್ ಅಂತ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಸಿಗುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಡಾಕ್ಟರ ಹತ್ತಿರ ಹೋಗದೆ ದಿನ ದೂಡಬಹುದು. ಹೀಗೆ ದೂಡುವುದೇ ಅಪಾಯ.

ಮೂರನೆಯದರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ, ಯಾಕಂದರೆ ಅದು ಕಣ್ಣಿಗೇ ಬೀಳುವುದಿಲ್ಲ. ದೊಡ್ಡ ಕರುಳು ಶುರುವಾಗುವ ಬಲಭಾಗದಲ್ಲಿ ಗಂಟು ಇದ್ದರೆ ರಕ್ತ ಹನಿ ಹನಿಯಾಗಿ ಒಸರಿ ಮಲದಲ್ಲಿ ಸೇರಿಹೋಗುತ್ತದೆ. ಏನೂ ಕೆಂಪಗೆ ಕಾಣುವುದಿಲ್ಲ. ಕಾಣುವುದು ಸುಸ್ತು ಮಾತ್ರ. ತೋಟದ ಏರು ಹತ್ತುವಾಗ ಏದುಸಿರು, ಬಿಳಿಚಿದ ಕಣ್ಣು, ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಎಂಟೋ ಒಂಬತ್ತೋ. ಲೈನ್ ಮನೆಗಳಲ್ಲಿ ಇರುವ ಕಾರ್ಮಿಕರಲ್ಲಿ ರಕ್ತ ಕಡಿಮೆ ಇರುವುದು ಎಷ್ಟು ಮಾಮೂಲಿ ಅಂದರೆ ಯಾರೂ ಅದರ ಹಿಂದೆ ಹೋಗುವುದಿಲ್ಲ. ಊಟ ಸಾಲದು, ಬರಿಗಾಲಲ್ಲಿ ನಡೆದು ಕೊಕ್ಕೆಹುಳು, ಹೆಂಗಸರಿಗೆ ಮುಟ್ಟಿನ ರಕ್ತಸ್ರಾವ. ಎಲ್ಲವೂ ನಿಜವಾದ ಕಾರಣಗಳೇ. ಕಬ್ಬಿಣದ ಮಾತ್ರೆ ಕೊಡುತ್ತಾರೆ. ಆದರೆ ಗಂಡಸಿಗೆ ಅಥವಾ ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣದ ಕೊರತೆಯಿಂದ ರಕ್ತ ಇಳಿದಿದ್ದರೆ ಹೊಟ್ಟೆ ಕರುಳಿನೊಳಗೆ ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡಲೇಬೇಕು. ಇದು ವೈದ್ಯಕೀಯದಲ್ಲಿ ಒಪ್ಪಿದ ನಿಯಮ. ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿತು ಅಂದ ಮಾತ್ರಕ್ಕೆ ಸೋರಿಕೆ ನಿಂತಿತು ಅಂತ ಅಲ್ಲ. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ ಅನ್ನುವುದೂ ನೆನಪಿರಲಿ, ಅದರಿಂದ ಎರಡು ಕಡೆಗೂ ಗೊಂದಲ ಆಗುತ್ತದೆ. ಇದ್ದಕ್ಕಿದ್ದಂತೆ ತೂಕ ಇಳಿಯುವುದು ಸಾಮಾನ್ಯವಾಗಿ ತಡವಾಗಿ ಬರುವ ಲಕ್ಷಣ. ಅದು ಬರಲಿ ಅಂತ ಕಾಯಬಾರದು.

ಡಾಕ್ಟರ ಹತ್ತಿರ ಹೋದ ಮೇಲೂ ತಪ್ಪಿಹೋಗುವ ಒಂದು ಪರೀಕ್ಷೆ ಇದೆ. ಬೆರಳಿಗೆ ಗ್ಲೌಸ್ ಹಾಕಿ ಗುದದ್ವಾರದೊಳಗೆ ನೋಡುವುದು. ಒಂದು ನಿಮಿಷದ ಕೆಲಸ, ಯಂತ್ರ ಬೇಡ, ಖರ್ಚು ಇಲ್ಲ. ಗುದನಾಳದ ಕೆಳಭಾಗದ ಗಂಟುಗಳು ಎಷ್ಟೋ ಸಲ ಬೆರಳಿಗೇ ಸಿಗುತ್ತವೆ, ನಮ್ಮಲ್ಲಿ ಆ ಭಾಗದ ಕ್ಯಾನ್ಸರೇ ಜಾಸ್ತಿ ಅಂತ ಆಗಲೇ ಹೇಳಿದೆನಲ್ಲ. ಆದರೂ ಇದು ಆಗುವುದಿಲ್ಲ. ರೋಗಿಗೆ ನಾಚಿಕೆ, ಓಪಿಡಿಯಲ್ಲಿ ಗದ್ದಲ, ಪರದೆ ಇಲ್ಲ, ಡಾಕ್ಟರಿಗೂ ಅವಸರ. ಪೈಲ್ಸ್ ಅಂತ ಬಾಯಲ್ಲಿ ಹೇಳಿದ್ದಕ್ಕೆ ಪೈಲ್ಸ್ ಮುಲಾಮು ಬರೆದು ಕಳಿಸುವುದು ನಡೆದೇ ಇದೆ. ಹೀಗೆ ಬರೆದುಕೊಟ್ಟರೆ, ‘ಡಾಕ್ಟ್ರೇ, ಒಮ್ಮೆ ಒಳಗೆ ಪರೀಕ್ಷೆ ಮಾಡಿ ನೋಡಿ’ ಅಂತ ಕೇಳಿ. ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ಹೆಂಗಸರು ಲೇಡಿ ಡಾಕ್ಟರೇ ಬೇಕು ಅನ್ನಬಹುದು, ಜೊತೆಗೆ ಒಬ್ಬರನ್ನು ನಿಲ್ಲಿಸಿಕೊಳ್ಳಬಹುದು. ಆಪರೇಷನ್ ಇಲ್ಲದೆ ಪೈಲ್ಸ್ ಗುಣ ಅಂತ ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ ಅಂಟಿಸಿರುತ್ತಾರಲ್ಲ, ಒಳಗೆ ನೋಡದೆ ಔಷಧಿ ಕೊಡುವ ಅಂಥ ಯಾವ ಜಾಗಕ್ಕೂ, ಅದರಲ್ಲೂ 40 ದಾಟಿದವರು, ಹೋಗದಿದ್ದರೆ ಒಳ್ಳೆಯದು.

ಇನ್ನು ನಮ್ಮ ಜಿಲ್ಲೆಯದ್ದೇ ಆದ ಒಂದು ತೊಂದರೆ. ಇಲ್ಲಿ ಪುರುಸೊತ್ತು ಅನ್ನುವ ತಿಂಗಳೇ ಇಲ್ಲ. ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಿಂದೆ ಓಡಾಟ, ಏಪ್ರಿಲ್ ಮೇ ಬಂದರೆ ಹಾಕಿ ಹಬ್ಬ ಮತ್ತು ಮದುವೆಗಳು, ಜೂನ್‌ನಿಂದ ಮಳೆ, ಗದ್ದೆ ನಾಟಿ, ಆಮೇಲೆ ಕೈಲ್ ಮುಹೂರ್ತ, ತಲಕಾವೇರಿಯ ತೀರ್ಥೋದ್ಭವ, ಪುತ್ತರಿ, ಮತ್ತೆ ಕೊಯ್ಲು. ಕೊಯ್ಲು ಮುಗೀಲಿ, ಮಳೆ ಕಳೀಲಿ ಅಂತ ಒಂದು ವರ್ಷ ಹೋಗುವುದು ಗೊತ್ತೇ ಆಗುವುದಿಲ್ಲ. ಕೂಲಿ ಕೆಲಸದವರಿಗೆ ಇದು ಇನ್ನೂ ಕಷ್ಟ, ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಸಂಬಳವೂ ಹೋಯಿತು, ಬಸ್ ಚಾರ್ಜೂ ಹೋಯಿತು. ಮಳೆಗಾಲದಲ್ಲಿ ರಸ್ತೆಯನ್ನೂ ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ದಾರಿ ಬಂದ್ ಆಗಿದ್ದನ್ನು ಯಾರೂ ಮರೆತಿಲ್ಲ. ಮೂರು ವಾರ ದಾಟಿದ ಲಕ್ಷಣ ಇದ್ದವರು ಇದ್ಯಾವುದಕ್ಕೂ ಕಾಯದೆ ಹೋಗಬೇಕು. ತೋಟದ ಮಾಲೀಕರು ಆ ಒಂದು ದಿನದ ಸಂಬಳ ಕೊಟ್ಟೇ ಕಳಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಸರ್ಕಾರದ ಕಡೆಯಿಂದ ಏನಿದೆ? 2016ರಲ್ಲಿ ಕೇಂದ್ರ ಸರ್ಕಾರ 30 ದಾಟಿದವರ ಕ್ಯಾನ್ಸರ್ ತಪಾಸಣೆಗೆ ಮಾರ್ಗಸೂಚಿ ತಂದಿತು. ಅದರಲ್ಲಿ ಇರುವುದು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್. ಕರುಳು ಇಲ್ಲ. ಇದಕ್ಕೆ ಕಾರಣವೂ ಇದೆ, ಆ ಮೂರು ನಮ್ಮಲ್ಲಿ ಹೆಚ್ಚು, ಮತ್ತು ಕರುಳಿನ ಪರೀಕ್ಷೆಯಲ್ಲಿ ಅನುಮಾನ ಬಂದವರಿಗೆಲ್ಲ ಕೊಲೊನೊಸ್ಕೊಪಿ, ಅಂದರೆ ಕ್ಯಾಮೆರಾ ಇಳಿಸಿ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಲು ಬೇಕಾದಷ್ಟು ತಜ್ಞರು ಜಿಲ್ಲೆ ಜಿಲ್ಲೆಯಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ 50ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಮಲ ಪರೀಕ್ಷೆಯ ಕಿಟ್ ಅಂಚೆಯಲ್ಲೇ ಮನೆಗೆ ಬರುತ್ತದೆ. ಅಮೆರಿಕದಲ್ಲಿ 2021ರಲ್ಲಿ ಸ್ಕ್ರೀನಿಂಗ್ ಶುರು ಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ಅದನ್ನು ಹಾಗೇ ಇಲ್ಲಿ ತರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮದು 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಜನರಿದ್ದ ಪುಟ್ಟ ಜಿಲ್ಲೆ. ಬಿಪಿ ಶುಗರ್ ನೋಡುವ ಆರೋಗ್ಯ ಕೇಂದ್ರದಲ್ಲೇ ಎರಡು ಪ್ರಶ್ನೆ ಜಾಸ್ತಿ ಕೇಳಬಹುದು: ಮಲದಲ್ಲಿ ರಕ್ತ ಹೋಗುತ್ತಿದೆಯಾ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿತ್ತಾ. ಹೌದು ಅಂದವರನ್ನು ಮಾತ್ರ ಮುಂದೆ ಕಳಿಸಿದರೂ ಎಷ್ಟೋ ಜನ ಬೇಗ ಸಿಗುತ್ತಾರೆ.

ಅದು ಆಗುವವರೆಗೆ ನಾವೇ ಮಾಡಿಸಿಕೊಳ್ಳಬಹುದಾದದ್ದು ಮಲ ಪರೀಕ್ಷೆ. ಕಣ್ಣಿಗೆ ಕಾಣದ ರಕ್ತವನ್ನು ಇದು ಹುಡುಕುತ್ತದೆ. ಇದರಲ್ಲಿ ಹಳೆಯದು, ಹೊಸದು ಅಂತ ಎರಡು ಬಗೆ. ಹಳೆಯ ಪರೀಕ್ಷೆಗೆ ಮನುಷ್ಯನ ರಕ್ತ, ತಿಂದ ಮಾಂಸದ ರಕ್ತ ಅನ್ನುವ ಭೇದ ತಿಳಿಯುವುದಿಲ್ಲ. ಹಿಂದಿನ ದಿನ ಪಂದಿ ಕರಿ, ಅಂದರೆ ಹಂದಿ ಮಾಂಸದ ಊಟ ಆಗಿದ್ದರೆ ಸುಮ್ನೆ ಪಾಸಿಟಿವ್ ಬರಬಹುದು. ಕಿತ್ತಳೆ ಜಾಸ್ತಿ ತಿಂದಿದ್ದರೆ ಅದರ ವಿಟಮಿನ್ ಸಿ ಇರುವ ರಕ್ತವನ್ನೇ ಮುಚ್ಚಿಹಾಕಬಹುದು. ಅದಕ್ಕೇ ಮೂರು ದಿನ ಪಥ್ಯ ಹೇಳುತ್ತಾರೆ. ಹೊಸದನ್ನು ‘ಫಿಟ್’ ಅನ್ನುತ್ತಾರೆ, ಅದು ಮನುಷ್ಯನ ಹಿಮೋಗ್ಲೋಬಿನ್ ಅನ್ನು ಮಾತ್ರ ಗುರುತಿಸುತ್ತದೆ, ಪಥ್ಯ ಬೇಕಾಗಿಲ್ಲ. ಕೊಡಗಿನಲ್ಲಿ ಇದೇ ವಾಸಿ. ಲ್ಯಾಬಿನಲ್ಲಿ ‘ಇದು ಫಿಟ್ ಪರೀಕ್ಷೆಯೇನಾ’ ಅಂತ ಕೇಳಿ.

ಮಾದರಿ ತೆಗೆಯುವುದು ಕಷ್ಟದ ಕೆಲಸ ಅಲ್ಲ. ನೆಲದ ಕಕ್ಕಸ್ಸಾದರೆ ಮೊದಲೇ ಅಗಲವಾಗಿ ಪೇಪರ್ ಹಾಸಿಕೊಳ್ಳಿ, ಮಲ ನೀರಿಗೆ ಬೀಳಬಾರದು, ಮೂತ್ರ ಸೇರಬಾರದು. ಬಾಟಲಿಯ ಮುಚ್ಚಳದಲ್ಲೇ ಸಣ್ಣ ಕಡ್ಡಿ ಇರುತ್ತದೆ, ಅದನ್ನು ನಾಲ್ಕೈದು ಕಡೆ ತಾಗಿಸಿ, ಒಳಗಿಟ್ಟು ಗಟ್ಟಿಯಾಗಿ ಮುಚ್ಚಿ, ಬಿಸಿಲಿಗೆ ಇಡದೆ ಬೇಗ ಲ್ಯಾಬಿಗೆ ಕೊಡಬೇಕು. ಮುಟ್ಟಿನ ದಿನಗಳಲ್ಲಿ ಬೇಡ. ನೆಗೆಟಿವ್ ಬಂದರೂ ಒಂದೆರಡು ವರ್ಷ ಬಿಟ್ಟು ಮತ್ತೆ ಮಾಡಿಸಬೇಕು, ಒಂದೇ ಸಲದಲ್ಲಿ ಎಲ್ಲ ಕ್ಯಾನ್ಸರ್ ಸಿಗುವುದಿಲ್ಲ, ಪಾಲಿಪ್‌ಗಳಂತೂ ತಪ್ಪಿಸಿಕೊಳ್ಳುವುದೇ ಹೆಚ್ಚು. ಪಾಸಿಟಿವ್ ಬಂದರೆ ಎದೆ ಒಡೆದುಕೊಳ್ಳಬೇಡಿ, ಪಾಸಿಟಿವ್ ಬಂದ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಕೊಲೊನೊಸ್ಕೊಪಿ ಮಾತ್ರ ಆಗಲೇಬೇಕು. ಪಾಸಿಟಿವ್ ರಿಪೋರ್ಟನ್ನು ಬೀರುವಿನಲ್ಲಿ ಇಟ್ಟುಬಿಟ್ಟರೆ ಪರೀಕ್ಷೆ ಮಾಡಿಸಿದ್ದೇ ದಂಡ. ಇನ್ನೊಂದು, ಈ ಪರೀಕ್ಷೆ ತೊಂದರೆ ಇಲ್ಲದವರಿಗೆ. ಕಣ್ಣಿಗೆ ಕಾಣುವ ಹಾಗೆ ರಕ್ತ ಹೋಗುತ್ತಿದ್ದರೆ ನೇರ ಸರ್ಜನ್ ಹತ್ತಿರ ಹೋಗಿ.

ಕೊಲೊನೊಸ್ಕೊಪಿ ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದಿಂದ ಒಳಕ್ಕೆ ತೂರಿಸಿ ಇಡೀ ದೊಡ್ಡ ಕರುಳನ್ನು ನೋಡುವುದು. ಮಂಪರಿನ ಇಂಜೆಕ್ಷನ್ ಕೊಡುತ್ತಾರೆ, ಅರ್ಧ ಗಂಟೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಪಾಲಿಪ್ ಕಂಡರೆ ತಂತಿಯ ಕುಣಿಕೆ ಹಾಕಿ ಆಗಲೇ ತೆಗೆಯುತ್ತಾರೆ. ರಕ್ತಸ್ರಾವ ಅಥವಾ ಕರುಳಿಗೆ ತೂತಾಗುವ ಅಪಾಯ ಇದೆ, ಆದರೆ ಬಹಳ ಅಪರೂಪ. ನಿಜವಾದ ಕಷ್ಟ ಇರುವುದು ಹಿಂದಿನ ದಿನ. ಭೇದಿಯ ಪುಡಿಯನ್ನು ಲೀಟರ್‌ಗಟ್ಟಲೆ ನೀರಿನಲ್ಲಿ ಕಲಸಿ ಕುಡಿದು ಕರುಳನ್ನು ಪೂರ್ತಿ ತೊಳೆಯಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮನೆಯಲ್ಲಿ ಅದನ್ನು ಕುಡಿದು ಬೆಳಗ್ಗೆ ಬಸ್ ಹತ್ತುವುದು ಆಗದ ಮಾತು. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲೋ ಆಸ್ಪತ್ರೆ ಪಕ್ಕದ ಲಾಡ್ಜಿನಲ್ಲೋ ಇರಿ, ಕಕ್ಕಸ್ಸು ಕೋಣೆಗೇ ಅಂಟಿಕೊಂಡಿರಲಿ. ಎರಡು ಮೂರು ದಿನ ಮೊದಲಿಂದ ಸೊಪ್ಪು, ಬೀಜ ಇರುವ ಸೀಬೆ ಥರದ ಹಣ್ಣು ಬೇಡ. ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಮಂಪರು ಇರುವುದರಿಂದ ಆ ದಿನ ಗಾಡಿ ಓಡಿಸುವ ಹಾಗಿಲ್ಲ, ಜೊತೆಗೆ ಒಬ್ಬರು ಬೇಕು.

ಇಷ್ಟೆಲ್ಲ ಮಾಡಿ ಲಾಭ ಇದೆಯಾ ಅಂತ ಕೇಳುವುದು ನ್ಯಾಯವೇ. ಅಮೆರಿಕದ ಮಿನ್ನೆಸೋಟದಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1993ರಲ್ಲಿ ಬಂತು. ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡಿಸಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು, ಅದೂ ಹಳೆಯ ಬಗೆಯ ಪರೀಕ್ಷೆಯಲ್ಲಿ. 2022ರಲ್ಲಿ ಯುರೋಪಿನ ಇನ್ನೊಂದು ಅಧ್ಯಯನ ಕೊಲೊನೊಸ್ಕೊಪಿಗೆ ಬನ್ನಿ ಅಂತ ಕರೆದವರಲ್ಲಿ 10 ವರ್ಷದೊಳಗೆ ಕ್ಯಾನ್ಸರ್ 18% ಕಡಿಮೆಯಾಗಿದೆ ಅಂತ ತೋರಿಸಿತು. ಸಾವಿನ ಸಂಖ್ಯೆಯಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಕೊಲೊನೊಸ್ಕೊಪಿಯೇ ವ್ಯರ್ಥ ಅಂತ ಕೆಲವರು ಹೇಳಿದ್ದೂ ಇದೆ. ಆದರೆ ಕರೆದವರಲ್ಲಿ ನಿಜವಾಗಿ ಹೋಗಿ ಮಾಡಿಸಿಕೊಂಡವರು 42% ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನ ಹೋಗಲೇ ಇಲ್ಲ ಅನ್ನುವುದನ್ನು ಬಿಟ್ಟು ಆ ಅಂಕಿಯನ್ನು ಓದಬಾರದು.

ಊಟದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣ ಅಂತ ಹೇಳಿತು. ದಿನಕ್ಕೆ 50 ಗ್ರಾಂ ತಿಂದರೆ ಅಪಾಯ 18% ಏರುತ್ತದೆ ಅನ್ನುವುದು ಅದರ ಲೆಕ್ಕ. ಸಾಸೇಜ್, ಬೇಕನ್ ಇದರಲ್ಲಿ ಬರುತ್ತವೆ, ಉಪ್ಪು ಹಾಕಿ ಒಲೆಯ ಹೊಗೆಯಲ್ಲಿ ಒಣಗಿಸಿದ ಮಾಂಸವೂ ಬರುತ್ತದೆ. ತಾಜಾ ಹಂದಿ ಮಾಂಸ ಕೆಂಪು ಮಾಂಸದ ಗುಂಪು, ಅದಕ್ಕೆ ‘ಬಹುಶಃ ಕಾರಣ’ ಅನ್ನುವ ಎರಡನೇ ದರ್ಜೆ. ಬೇಯಿಸಿದ ಮೇಲೆ ವಾರಕ್ಕೆ 350ರಿಂದ 500 ಗ್ರಾಂ ಒಳಗೆ ಇರಲಿ ಅನ್ನುವುದು ಸಲಹೆ. ಹಬ್ಬದ ಪಂದಿ ಕರಿ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಆದರೆ ಕುಡಿತ ಮತ್ತು ಹೊಗೆಸೊಪ್ಪಿನ ಬಗ್ಗೆ ಇಷ್ಟು ಸಲೀಸಾಗಿ ಹೇಳಲು ಆಗುವುದಿಲ್ಲ. ಮದ್ಯ ಈ ಕ್ಯಾನ್ಸರಿಗೆ ಸಾಬೀತಾದ ಕಾರಣ. ಸಂಜೆಯಾದರೆ ಪೆಗ್ ಅನ್ನುವುದು ನಮ್ಮಲ್ಲಿ ಎಷ್ಟು ಮಾಮೂಲಿ ಅಂತ ಎಲ್ಲರಿಗೂ ಗೊತ್ತು.

ಖರ್ಚಿನ ಬಗ್ಗೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಹಾಗಾಗಿ ರಕ್ತ ಕಂಡವರು ನೇರ ಮೈಸೂರಿಗೋ ಮಂಗಳೂರಿಗೋ ಓಡುವ ಮೊದಲು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸರ್ಜರಿ ಓಪಿಡಿಗೆ ಹೋಗುವುದು ಒಳ್ಳೆಯದು. ಒಳಗಿನ ಪರೀಕ್ಷೆಯೂ ಆಗುತ್ತದೆ, ಮುಂದಿನ ಚೀಟಿಯೂ ಸಿಗುತ್ತದೆ.

ಕೊನೆಯದಾಗಿ ಮನೆತನ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಒಬ್ಬರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೂ ಉಳಿದವರಿಗೆ ಅಪಾಯ ಜಾಸ್ತಿ. ಈ ವಿಷಯದಲ್ಲಿ ಕೊಡವರಿಗೆ, ಅರೆಭಾಷೆ ಗೌಡರಿಗೆ ಒಂದು ಅನುಕೂಲ ಇದೆ, ಮನೆತನದ ಮೂಲ ಮನೆಯಾದ ಐನ್‌ಮನೆಯಲ್ಲಿ ಇಡೀ ಕುಟುಂಬ ಸೇರುವ ದಿನ ಇದ್ದೇ ಇರುತ್ತದೆ. ಆ ದಿನ ಹಿರಿಯರನ್ನು ಕೇಳಿ. ಹಳಬರು ಕ್ಯಾನ್ಸರ್ ಅನ್ನುವುದಿಲ್ಲ, ಹೊಟ್ಟೆನೋವಲ್ಲಿ ಹೋದರು, ಕರುಳು ಕಟ್ಟಿಕೊಂಡು ಹೋದರು, ರಕ್ತ ಹೋಗಿ ಹೋಗಿ ಸೊರಗಿದರು ಅನ್ನುತ್ತಾರೆ. ಎಷ್ಟು ವಯಸ್ಸಾಗಿತ್ತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಒಕ್ಕದ, ಅಂದರೆ ಮನೆತನದ ಲೆಕ್ಕ ತಂದೆಯ ಕಡೆಯದ್ದು ಮಾತ್ರ, ರೋಗಕ್ಕೆ ಆ ಲೆಕ್ಕ ಇಲ್ಲ. ತಾಯಿಯ ತವರಿನವರದ್ದೂ ಅಷ್ಟೇ ಮುಖ್ಯ, ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಹೇಳಬೇಕು. ಹೀಗೆ ಹತ್ತಿರದವರಲ್ಲಿ ಯಾರಿಗಾದರೂ ಬಂದಿದ್ದರೆ ನೀವು 40ಕ್ಕೆ ಕೊಲೊನೊಸ್ಕೊಪಿ ಮಾಡಿಸಿಕೊಳ್ಳಬೇಕು, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆಯೋ ಅದು. ಅಣ್ಣನಿಗೆ 46ಕ್ಕೆ ಗೊತ್ತಾಗಿದ್ದರೆ ತಮ್ಮನಿಗೂ ತಂಗಿಗೂ 36ಕ್ಕೆ. ಮನೆಯಲ್ಲಿ ಯಾರಿಗೂ ಇಲ್ಲ, ತೊಂದರೆಯೂ ಇಲ್ಲ ಅನ್ನುವವರು 45 ದಾಟಿದ ಮೇಲೆ, ಇಲ್ಲವೇ 50ರ ಹೊತ್ತಿಗಾದರೂ ಫಿಟ್ ಪರೀಕ್ಷೆ ಶುರು ಮಾಡಿ. ಒಮ್ಮೆ ಪಾಲಿಪ್ ತೆಗೆಸಿಕೊಂಡವರು ಮತ್ತೆ ಯಾವಾಗ ಬರಬೇಕು ಅಂತ ಡಾಕ್ಟರನ್ನು ಕೇಳಿ, ಆ ವರ್ಷವನ್ನು ರಿಪೋರ್ಟಿನ ಮೇಲೆಯೇ ಬರೆಸಿಕೊಂಡು ಬನ್ನಿ.